ಡಾರ್ಕ್ ಎನರ್ಜಿ ಬದಲಾಗ್ತಿದ್ರೆ ಭೌತಶಾಸ್ತ್ರದ ನಿಯಮಗಳ ಕಥೆ ಏನು?

2025ರ ಮಾರ್ಚ್ 19ಕ್ಕೆ ಅಮೆರಿಕದ ಅರಿಜೋನಾದಲ್ಲಿರೋ ಡೆಸಿ ಅನ್ನೋ ಆಕಾಶ ಸಮೀಕ್ಷೆ ಪ್ರಾಜೆಕ್ಟಿನವರು ತಮ್ಮ ಮೊದಲ ಮೂರು ವರ್ಷದ ಲೆಕ್ಕ ಹೊರಗೆ ಬಿಟ್ರು. ಸುಮಾರು ಒಂದೂವರೆ ಕೋಟಿ ಗ್ಯಾಲಕ್ಸಿ ಮತ್ತು ಕ್ವೇಸಾರ್‌ಗಳನ್ನ (ಬಹಳ ದೂರದಲ್ಲಿ ಜೋರಾಗಿ ಬೆಳಗೋ ಗ್ಯಾಲಕ್ಸಿ ನಡುಭಾಗಗಳು) ಅಳೆದು ಅವರು ಹೇಳಿದ್ದು ಇಷ್ಟೇ, ವಿಶ್ವ ಜೋರಾಗಿ ಹಿಗ್ಗೋ ಹಾಗೆ ಮಾಡ್ತಿರೋ ಡಾರ್ಕ್ ಎನರ್ಜಿ ಯಾವತ್ತೂ ಒಂದೇ ಥರ ಇರತ್ತೆ ಅಂದ್ಕೊಂಡಿದ್ವಲ್ಲ, ಹಾಗಿಲ್ದೇ ಇರಬಹುದು, ಕಾಲ ಕಳೆದ ಹಾಗೆ ಅದು ಬಲ ಕಳ್ಕೊಳ್ತಿರೋ ಸೂಚನೆ ಕಾಣ್ತಿದೆ.

ಈ ಸುದ್ದಿ ನಮ್ಮ ಫೋನಿಗೆ ಬರೋ ಹೊತ್ತಿಗೆ ನಾಲ್ಕು ಬೇರೆಬೇರೆ ಸುದ್ದಿ ಆಗಿತ್ತು. ಐನ್‌ಸ್ಟೈನ್ ಲೆಕ್ಕ ತಪ್ಪಾಯ್ತು ಅಂತ ಕೆಲವರು, ವಿಶ್ವ ಕೊನೆಗೆ ಕುಸಿದು ಮುದುಡಿಹೋಗತ್ತೆ ಅಂತ ಇನ್ನು ಕೆಲವರು, ಮಲ್ಟಿವರ್ಸ್, ಅಂದ್ರೆ ನಮ್ಮದಲ್ದೇ ಇನ್ನೂ ಎಷ್ಟೋ ವಿಶ್ವಗಳಿವೆ ಅನ್ನೋ ಕಲ್ಪನೆ ಇಲ್ಲಿಗೆ ಮುಗೀತು ಅಂತ ಒಂದು ಕಡೆ, ಕಣಗಳೆಲ್ಲ ಅತಿ ಪುಟ್ಟ ದಾರಗಳ ಕಂಪನ ಅನ್ನೋ ಸ್ಟ್ರಿಂಗ್ ಥಿಯರಿಗೆ ಕೊನೆಗೂ ಪುರಾವೆ ಸಿಕ್ತು ಅಂತ ಇನ್ನೊಂದು ಕಡೆ. ಗ್ಯಾಲಕ್ಸಿಗಳ ದೂರ ಅಳೆದಿದ್ದಕ್ಕೂ ಮಲ್ಟಿವರ್ಸಿಗೂ ಏನು ಸಂಬಂಧ ಅಂತ ಓದುಗರಿಗೆ ಗೊಂದಲ ಆಗೋದು ಸಹಜ.

ಸಂಬಂಧ ಇದೆ. ಭೌತಶಾಸ್ತ್ರದ ನಿಯಮಗಳು ಹೀಗೇ ಯಾಕಿವೆ, ಬೇರೆ ಥರ ಇರಬಹುದಿತ್ತಾ, ಇರಬಹುದಾದ ಎಲ್ಲಾ ನಿಯಮಗಳ ಲೆಕ್ಕ ಕಾಸ್ಮಾಲಜಿ (ಇಡೀ ವಿಶ್ವದ ಅಧ್ಯಯನ) ಕೊಡಬಲ್ಲದಾ ಅನ್ನೋ ದೊಡ್ಡ ಪ್ರಶ್ನೆ ಕಳೆದ ಮೂವತ್ತು ನಲವತ್ತು ವರ್ಷದಿಂದ ಇದೇ ಡಾರ್ಕ್ ಎನರ್ಜಿಯ ಒಂದು ನಂಬರಿಗೆ ನೇತಾಕ್ಕೊಂಡಿದೆ. ಆ ನಂಬರ್ ಅಲುಗಾಡಿದ್ರೆ ಅದರ ಮೇಲೆ ಕಟ್ಟಿದ ವಾದಗಳೂ ಅಲುಗಾಡ್ತವೆ. ಎಷ್ಟು ಅಲುಗಾಡ್ತವೆ, ಯಾವುದು ನಿಲ್ಲತ್ತೆ ಯಾವುದು ಬೀಳತ್ತೆ ಅನ್ನೋದನ್ನ ಒಂದೊಂದಾಗಿ ನೋಡಬೇಕು.

## ಬೆಟ್ಟದ ಮೇಲೆ ಅಳೆದಿದ್ದು ಏನು

ಅರಿಜೋನಾದ ಕಿಟ್ ಪೀಕ್ ಬೆಟ್ಟ ತೊಹೊನೊ ಓಡಮ್ ಅನ್ನೋ ಮೂಲನಿವಾಸಿಗಳ ನೆಲ. ಅಲ್ಲಿ 4 ಮೀಟರ್ ಕನ್ನಡಿಯ ಮೇಯಲ್ ಟೆಲಿಸ್ಕೋಪ್ ಇದೆ. ಬೆಳಕು ಬಂದು ಕೂಡೋ ಜಾಗದಲ್ಲಿ 5,000 ಪುಟ್ಟ ರೋಬಾಟ್‌ಗಳನ್ನ ಒತ್ತೊತ್ತಾಗಿ ಜೋಡಿಸಿದ್ದಾರೆ, ಒಂದೊಂದರ ತುದೀಲೂ ಕೂದಲೆಳೆ ಥರದ ಒಂದು ಆಪ್ಟಿಕಲ್ ಫೈಬರ್. ಟೆಲಿಸ್ಕೋಪ್ ಆಕಾಶದ ಒಂದು ಭಾಗದ ಕಡೆ ತಿರುಗಿದ ಮೇಲೆ ಈ 5,000 ರೋಬಾಟ್‌ಗಳೂ ಒಟ್ಟಿಗೆ ಜರುಗಿ, ತನಗೆ ಗೊತ್ತು ಮಾಡಿರೋ ಗ್ಯಾಲಕ್ಸಿಯ ಚುಕ್ಕೆ ಎಲ್ಲಿ ಬೀಳತ್ತೋ ಸರಿಯಾಗಿ ಅಲ್ಲಿಗೆ ಫೈಬರ್ ತುದಿ ತಂದು ನಿಲ್ಲಿಸ್ತವೆ, ಸುಮಾರು ಇಪ್ಪತ್ತು ನಿಮಿಷ ಬೆಳಕು ಹಿಡೀತವೆ, ಆಮೇಲೆ ಬೇರೆ ಭಾಗ, ಬೇರೆ 5,000. ಹಿಡಿದ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸಿದಾಗ ಅದು ಕೆಂಪಿನ ಕಡೆ ಎಷ್ಟು ಸರಿದಿದೆ ಅಂತ ಗೊತ್ತಾಗತ್ತೆ, ಅದರಿಂದ ಆ ಬೆಳಕು ಹೊರಟ ಮೇಲೆ ವಿಶ್ವ ಎಷ್ಟು ಹಿಗ್ಗಿದೆ ಅನ್ನೋದು.

ಇನ್ನು ದೂರ ಅಳೆಯೋಕೆ ಒಂದು ಅಳತೆಕೋಲು ಬೇಕು. ಅದನ್ನ ವಿಶ್ವವೇ ಕೊಟ್ಟಿದೆ. ಮೊದಲ 3,80,000 ವರ್ಷ ವಿಶ್ವ ಕುದಿಯೋ ಪ್ಲಾಸ್ಮಾ ಆಗಿತ್ತು, ಅದರೊಳಗೆ ಕೆರೆಗೆ ಕಲ್ಲು ಹಾಕಿದಾಗ ಬಳೆಬಳೆಯಾಗಿ ಅಲೆ ಹರಡೋ ಹಾಗೆ ಶಬ್ದದ ಅಲೆಗಳು ಹರಡ್ತಿದ್ವು, ಪ್ಲಾಸ್ಮಾ ತಣ್ಣಗಾದ ತಕ್ಷಣ ಆ ಅಲೆಗಳು ಇದ್ದಲ್ಲೇ ನಿಂತ್ವು. ಅವುಗಳ ಅಂಚಲ್ಲಿ ಸ್ವಲ್ಪ ಜಾಸ್ತಿ ಗ್ಯಾಲಕ್ಸಿಗಳು ಹುಟ್ಟಿದ್ವು. ಹಾಗಾಗಿ ಇವತ್ತಿಗೂ ಗ್ಯಾಲಕ್ಸಿಗಳ ನಡುವೆ ಸುಮಾರು 49 ಕೋಟಿ ಜ್ಯೋತಿರ್ವರ್ಷದ ಅಂತರ ಬೇರೆ ಅಂತರಗಳಿಗಿಂತ ತುಸು ಹೆಚ್ಚಾಗಿ ಕಾಣತ್ತೆ. ಈ ಬಳೆ ಬೇರೆಬೇರೆ ಕಾಲದಲ್ಲಿ ಎಷ್ಟು ದೊಡ್ಡದಾಗಿ ಕಾಣತ್ತೆ ಅಂತ ನೋಡಿದ್ರೆ ವಿಶ್ವ ಯಾವಾಗ ಎಷ್ಟು ವೇಗದಲ್ಲಿ ಹಿಗ್ತು ಅಂತ ಲೆಕ್ಕ ಸಿಗತ್ತೆ.

ಇಲ್ಲಿ ಒಂದು ವಿಷಯ ಬಹಳ ಸುದ್ದಿಗಳಲ್ಲಿ ಬಿಟ್ಟುಹೋಗಿತ್ತು, ಅದು ಬಿಟ್ಟುಹೋಗಬಾರದಾಗಿತ್ತು. ಡೆಸಿಯ ಅಳತೆ ಒಂದನ್ನೇ ಇಟ್ಕೊಂಡ್ರೆ ಡಾರ್ಕ್ ಎನರ್ಜಿ ಬದಲಾಗ್ದೇ ಇದೆ ಅಂದ್ರೂ ಸರಿಹೋಗತ್ತೆ. ಅದರ ಜೊತೆ ಬೇರೆ ಅಳತೆಗಳನ್ನ, ಅಂದ್ರೆ ಆ ಪ್ಲಾಸ್ಮಾ ಕಾಲದಿಂದ ಉಳಿದ ವಿಶ್ವದ ಹಳೇ ಬೆಳಕಿನ ಅಳತೆಯನ್ನ, ಅದರ ಮೇಲೆ ಸೂಪರ್‌ನೋವಾಗಳ (ಸಿಡಿಯೋ ನಕ್ಷತ್ರಗಳ) ಅಳತೆಯನ್ನ ಸೇರಿಸ್ತಾ ಹೋದಾಗ ತಾಳೆ ತಪ್ಪತ್ತೆ. ಯಾವ ಸೂಪರ್‌ನೋವಾ ಪಟ್ಟಿ ಸೇರಿಸ್ತೀವಿ ಅನ್ನೋದರ ಮೇಲೆ ಆ ತಪ್ಪಿದ ತಾಳೆಯ ಬಲ 2.8 ಸಿಗ್ಮಾದಿಂದ 4.2 ಸಿಗ್ಮಾವರೆಗೆ ಇದೆ (ಸಿಗ್ಮಾ ಅಂದ್ರೆ ಇದು ಬರೀ ಆಕಸ್ಮಿಕ ಅಲ್ಲ ಅನ್ನೋ ಭರವಸೆಯ ಅಳತೆ). 2.8 ಅಂದ್ರೆ ಸುಮ್ನೆ ಆಕಸ್ಮಿಕವಾಗಿ ಹಾಗೆ ಕಾಣೋ ಸಾಧ್ಯತೆ ಸುಮಾರು 200ಕ್ಕೆ 1. ಭೌತಶಾಸ್ತ್ರದಲ್ಲಿ ಕಂಡುಹಿಡಿದ್ವಿ ಅಂತ ಹೇಳೋಕೆ 5 ಸಿಗ್ಮಾ ಬೇಕು, ಅಂದ್ರೆ ಲಕ್ಷಾಂತರಕ್ಕೆ ಒಂದು. ಹಾಗಾಗಿ ಇದು ಸೂಚನೆ, ತೀರ್ಪಲ್ಲ.

## ಒಂದು ನಂಬರ್, 120 ಸೊನ್ನೆ

ಐನ್‌ಸ್ಟೈನ್ 1917ರಲ್ಲಿ ತನ್ನ ಸಮೀಕರಣಕ್ಕೆ ಒಂದು ಸ್ಥಿರಾಂಕ ಸೇರಿಸಿದ್ರು, ವಿಶ್ವ ಹಿಗ್ಗದೆ ಕುಗ್ಗದೆ ನಿಂತಿದೆ ಅಂತ ತೋರಿಸೋಕೆ. ವಿಶ್ವ ಹಿಗ್ತಿದೆ ಅಂತ ಗೊತ್ತಾದ ಮೇಲೆ ಅವರೇ ಅದನ್ನ ಕೈಬಿಟ್ರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳನ್ನ ನೋಡಿ, ಹಿಗ್ಗೋದು ನಿಧಾನ ಆಗ್ತಿಲ್ಲ, ಬದಲಿಗೆ ಜೋರಾಗ್ತಿದೆ ಅಂದ್ವು (2011ರ ನೊಬೆಲ್ ಇದಕ್ಕೇ ಸಿಕ್ಕಿದ್ದು), ಆಗ ಬಿಟ್ಟ ಸ್ಥಿರಾಂಕ ವಾಪಸ್ ಬಂತು. ಅದರ ಪ್ರಮಾಣ ಬಹಳ ಚಿಕ್ಕದು, ಒಂದು ಘನಮೀಟರ್ ಖಾಲಿ ಜಾಗದಲ್ಲಿ ಮೂರೋ ನಾಲ್ಕೋ ಹೈಡ್ರೋಜನ್ ಪರಮಾಣುವಿನಷ್ಟು ಶಕ್ತಿ. ಆದ್ರೆ ಖಾಲಿ ಜಾಗ ಅಷ್ಟೊಂದು ಇರೋದ್ರಿಂದ ಒಟ್ಟು ಲೆಕ್ಕದಲ್ಲಿ ಅದೇ ವಿಶ್ವದ ಶೇಕಡಾ 70ರ ಹತ್ತಿರ.

ಸಮಸ್ಯೆ ಅದು ಯಾಕೆ ಅಷ್ಟು ಚಿಕ್ಕದು ಅನ್ನೋದು. ಕ್ವಾಂಟಂ ಸಿದ್ಧಾಂತದ ಪ್ರಕಾರ ಖಾಲಿ ಜಾಗ ಖಾಲಿ ಇರಲ್ಲ, ಅಲ್ಲೂ ಕಂಪನ ಇರತ್ತೆ, ಆ ಕಂಪನಕ್ಕೆ ಶಕ್ತಿ ಇರತ್ತೆ. ಆ ಶಕ್ತಿಯನ್ನ ನೇರವಾಗಿ ಕೂಡಿದ್ರೆ ಬರೋ ಉತ್ತರ ಅಳೆದ ಬೆಲೆಗಿಂತ ಸುಮಾರು 1ರ ಮುಂದೆ 120 ಸೊನ್ನೆ ಹಾಕಿದಷ್ಟು ಪಟ್ಟು ದೊಡ್ಡದು. ಬೇರೆಬೇರೆ ಮೂಲದಿಂದ ಬಂದ ಪ್ಲಸ್ ಮೈನಸ್‌ಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ ಇಷ್ಟೇ ಇಷ್ಟು ಉಳೀಬೇಕು ಅಂದ್ರೆ ಯಾವುದೋ ಕಾರಣ ಇರಬೇಕಲ್ಲ. ಎಷ್ಟು ಹುಡುಕಿದ್ರೂ ಆ ಕಾರಣ ಸಿಕ್ಕಿಲ್ಲ.

## ನಿಯಮ ಯಾವುದು, ವಿಳಾಸ ಯಾವುದು

ಕಾರಣ ಹುಡುಕೋದೇ ತಪ್ಪಾಗಿದ್ರೆ? ಇದು ಹೊಸ ಅನುಮಾನ ಅಲ್ಲ. 1596ರಲ್ಲಿ ಕೆಪ್ಲರ್ ಗ್ರಹಗಳು ಆರೇ ಯಾಕೆ, ಸೂರ್ಯನಿಂದ ಅವುಗಳ ದೂರ ಇಷ್ಟಿಷ್ಟೇ ಯಾಕೆ ಅನ್ನೋದಕ್ಕೆ ಗಣಿತದ ಕಾರಣ ಕೊಟ್ರು, ಐದು ಸಮರೂಪದ ಘನಾಕೃತಿಗಳನ್ನ ಒಂದರೊಳಗೊಂದು ಇಟ್ಟು ಅದರಿಂದ ಈ ದೂರಗಳು ಬರ್ತವೆ ಅಂದ್ರು. ಲೆಕ್ಕ ಸುಮಾರಾಗಿ ಕೂತ್ಕೊಂಡಿತ್ತು ಕೂಡ. ಈಗ ನಮಗೆ ಗೊತ್ತು, ಭೂಮಿ ಸೂರ್ಯನಿಂದ 15 ಕೋಟಿ ಕಿಲೋಮೀಟರ್ ದೂರ ಇರೋದಕ್ಕೆ ಯಾವ ಮೂಲ ನಿಯಮವೂ ಕಾರಣ ಅಲ್ಲ. ಬೇರೆ ನಕ್ಷತ್ರಗಳ ಸುತ್ತ ಈಗಾಗಲೇ 6,000ಕ್ಕೂ ಜಾಸ್ತಿ ಗ್ರಹ ಸಿಕ್ಕಿವೆ, ಒಂದೊಂದರ ದೂರ ಒಂದೊಂದು ಥರ. ನೀರು ಹೆಪ್ಪುಗಟ್ಟದೆ ಆವಿಯಾಗದೆ ಉಳಿಯೋ ದೂರದಲ್ಲಿ ನಾವಿದ್ದೀವಿ, ಯಾಕಂದ್ರೆ ಬೇರೆ ದೂರದಲ್ಲಿ ನಾವು ಹುಟ್ತಾನೇ ಇರಲಿಲ್ಲ. ಗುರುತ್ವ ಅನ್ನೋದು ನಿಯಮ, 15 ಕೋಟಿ ಅನ್ನೋದು ನಮ್ಮ ವಿಳಾಸ.

ಈಗ ಪ್ರಶ್ನೆ, ಭೌತಶಾಸ್ತ್ರದಲ್ಲಿ ನಾವು ನಿಯಮ ಅಂದ್ಕೊಂಡಿರೋ ನಂಬರ್‌ಗಳಲ್ಲಿ ಎಷ್ಟು ನಿಜವಾದ ನಿಯಮ, ಎಷ್ಟು ಬರೀ ವಿಳಾಸ? ಪ್ರೋಟಾನ್ ಎಲೆಕ್ಟ್ರಾನಿಗಿಂತ 1,836 ಪಟ್ಟು ಭಾರ, ನ್ಯೂಟ್ರಾನ್ ಪ್ರೋಟಾನಿಗಿಂತ ಶೇಕಡಾ 0.14ರಷ್ಟು ಮಾತ್ರ ಭಾರ, ಈ ವ್ಯತ್ಯಾಸ ಉಲ್ಟಾ ಆಗಿದ್ರೆ ಪ್ರೋಟಾನೇ ಕರಗಿ ನ್ಯೂಟ್ರಾನ್ ಆಗ್ತಿತ್ತು, ಹೈಡ್ರೋಜನ್ ಇರ್ತಿರಲಿಲ್ಲ, ನೀರೂ ಇಲ್ಲ, ಸೂರ್ಯನ ಥರ ನಿಧಾನ ಉರಿಯೋ ನಕ್ಷತ್ರವೂ ಇಲ್ಲ. ಕಣಗಳ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಇಂಥ 19 ನಂಬರ್‌ಗಳನ್ನ ಅಳೆದೇ ಹಾಕಬೇಕು (ನ್ಯೂಟ್ರಿನೋ ತೂಕ ಸೇರಿಸಿದ್ರೆ ಇನ್ನೂ ಜಾಸ್ತಿ), ಸಿದ್ಧಾಂತ ತಾನಾಗಿ ಕೊಡಲ್ಲ.

1987ರಲ್ಲಿ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಈ ವಿಳಾಸದ ತರ್ಕವನ್ನ ಡಾರ್ಕ್ ಎನರ್ಜಿಯ ಸ್ಥಿರಾಂಕಕ್ಕೆ ಹಾಕಿ ನೋಡಿದ್ರು. ಅವರ ಲೆಕ್ಕ ಹೀಗಿತ್ತು: ಬೇರೆಬೇರೆ ಕಡೆ ಆ ಸ್ಥಿರಾಂಕ ಬೇರೆಬೇರೆ ಇದೆ ಅಂತ ಇಟ್ಕೊಳ್ಳಿ, ಎಲ್ಲಿ ಅದು ದೊಡ್ಡದಿದೆಯೋ ಅಲ್ಲಿ ಅನಿಲದ ಮೋಡಗಳು ಒಟ್ಟಾಗೋ ಮೊದಲೇ ಚದುರಿಹೋಗ್ತವೆ, ಗ್ಯಾಲಕ್ಸಿ ಆಗಲ್ಲ, ನಕ್ಷತ್ರ ಆಗಲ್ಲ, ಪ್ರಶ್ನೆ ಕೇಳೋರೂ ಇರಲ್ಲ. ಗ್ಯಾಲಕ್ಸಿ ಆಗಬೇಕಂದ್ರೆ ಅದು ಇವತ್ತಿನ ಪದಾರ್ಥದ ಸಾಂದ್ರತೆಯ ಕೆಲವು ನೂರು ಪಟ್ಟಿಗಿಂತ ಜಾಸ್ತಿ ಇರಬಾರದು, ಮತ್ತೆ ಅದು ಪೂರ್ತಿ ಸೊನ್ನೆ ಆಗಿರಲೇಬೇಕು ಅನ್ನೋಕೆ ಯಾವ ಕಾರಣವೂ ಇಲ್ಲ, ಸಣ್ಣದಾಗಿ ಏನೋ ಒಂದು ಸಿಗಬೇಕು. ಆವಾಗ ಬಹುಪಾಲು ಜನ ಅದು ಸೊನ್ನೆ ಅಂತಲೇ ನಂಬಿದ್ರು. ಹನ್ನೊಂದು ವರ್ಷ ಆದ್ಮೇಲೆ ಅಳತೆ ಬಂತು, ಪದಾರ್ಥದ ಸಾಂದ್ರತೆಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ.

ಈ ಒಂದು ಲೆಕ್ಕ ಇಲ್ದಿದ್ರೆ ಮಲ್ಟಿವರ್ಸನ್ನ ಇಷ್ಟು ಜನ ಗಂಭೀರವಾಗಿ ತಗೋತಾನೇ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

## ಬೇರೆಬೇರೆ ನಿಯಮ ಇರೋ ಜಾಗ ಎಲ್ಲಿಂದ ಬರತ್ತೆ

ವಿಳಾಸದ ತರ್ಕ ನಡೀಬೇಕಂದ್ರೆ ಬೇರೆ ವಿಳಾಸಗಳು ನಿಜವಾಗ್ಲೂ ಇರಬೇಕು. ಒಂದೇ ಮನೆ ಇರೋ ಊರಲ್ಲಿ ಮನೆ ನಂಬರಿಗೆ ಅರ್ಥ ಇಲ್ಲ. ಹಾಗಾಗಿ ಎರಡು ವಿಷಯ ಬೇಕು: ಒಂದು, ನಿಯಮಗಳು ಬೇರೆ ಥರ ಇರೋಕೆ ಸಾಧ್ಯ ಇರಬೇಕು, ಎರಡು, ಆ ಬೇರೆ ಥರಗಳು ಎಲ್ಲೋ ನಿಜವಾಗಿ ಹುಟ್ಟಬೇಕು.

ಮೊದಲನೇದಕ್ಕೆ ಲ್ಯಾಬಲ್ಲೇ ಸಾಕ್ಷಿ ಇದೆ. ವಿದ್ಯುತ್ಕಾಂತೀಯ ಬಲ ಮತ್ತು ದುರ್ಬಲ ಬಲ (ಕೆಲವು ವಿಕಿರಣಕ್ಕೆ ಕಾರಣವಾದ ಬಲ) ಇವತ್ತು ನಮಗೆ ಬೇರೆಬೇರೆ ನಿಯಮ, ಆದ್ರೆ ಬಿಗ್ ಬ್ಯಾಂಗ್ ಆದ ಮೊದಲ ಕ್ಷಣದ ಒಂದು ಚಿಕ್ಕ ಚೂರಿನಲ್ಲಿ, ವಿಶ್ವ ಬಹಳ ಬಿಸಿ ಇದ್ದಾಗ, ಎರಡೂ ಒಂದೇ ಆಗಿದ್ವು. ತಣ್ಣಗಾದಾಗ ಹಿಗ್ಸ್ ಫೀಲ್ಡ್ (ಇಡೀ ಜಾಗದಲ್ಲಿ ಹರಡಿರೋ, ಕಣಗಳಿಗೆ ತೂಕ ಕೊಡೋ ಒಂದು ಕ್ಷೇತ್ರ) ಒಂದು ಬೆಲೆಗೆ ಬಂದು ಕೂತ್ಕೊಂಡಿತು, ಆಗ ಇವು ಒಡೆದು ಎರಡಾದ್ವು. 2012ರಲ್ಲಿ ಸರ್ನ್‌ನಲ್ಲಿ ಹಿಗ್ಸ್ ಕಣ ಸಿಕ್ಕ ಮೇಲೆ ಇದರಲ್ಲಿ ಅನುಮಾನ ಉಳಿದಿಲ್ಲ. ಅಂದ್ರೆ ನಾವು ನೋಡ್ತಿರೋ ನಿಯಮದ ಒಂದಿಷ್ಟು ಭಾಗ ಯಾವುದೋ ಫೀಲ್ಡ್ ಎಲ್ಲಿ ಕೂತಿದೆ ಅನ್ನೋದರ ಫಲ.

ಸ್ಟ್ರಿಂಗ್ ಥಿಯರಿ ಇದನ್ನೇ ಬಹಳ ದೂರ ತಗೊಂಡು ಹೋಗತ್ತೆ. ನಮಗೆ ಕಾಣೋ ಮೂರು ದಿಕ್ಕಿನ ಜೊತೆ ಇನ್ನೂ ಆರು ದಿಕ್ಕು ತೀರಾ ಸಣ್ಣದಾಗಿ ಮಡಚ್ಕೊಂಡಿವೆ, ಹೇಗೆ ಮಡಚಿದೆ ಅನ್ನೋದರ ಮೇಲೆ ಯಾವ ಕಣ ಇರತ್ತೆ, ಅದರ ತೂಕ ಎಷ್ಟು, ಖಾಲಿ ಜಾಗದ ಶಕ್ತಿ ಎಷ್ಟು ಎಲ್ಲ ನಿರ್ಧಾರ ಆಗತ್ತೆ. 2000ದಲ್ಲಿ ರಫೆಲ್ ಬುಸೋ ಮತ್ತು ಜೋ ಪೋಲ್ಚಿನ್‌ಸ್ಕಿ ಹೀಗೆ ಮಡಚೋ ರೀತಿಗಳ, ಅಂದ್ರೆ ಮಡಿಕೆಗಳ ಸಂಖ್ಯೆ ಎಷ್ಟು ದೊಡ್ಡದಂದ್ರೆ ಅದರಲ್ಲಿ ಕೆಲವಕ್ಕಾದ್ರೂ ನಮ್ಮಷ್ಟೇ ಚಿಕ್ಕ ಡಾರ್ಕ್ ಎನರ್ಜಿ ಇರಲೇಬೇಕು ಅಂತ ತೋರಿಸಿದ್ರು. 2003ರಲ್ಲಿ ನಾಲ್ಕು ಜನ ಸೇರಿ ಆ ಮಡಿಕೆಗಳು ಬಿಚ್ಚಿಹೋಗದೆ ಗಟ್ಟಿಯಾಗಿ ನಿಲ್ಲೋದಕ್ಕೆ ಒಂದು ದಾರಿ ಕಟ್ಟಿದ್ರು, ಶಮಿತ್ ಕಚ್ರು, ರೆನಾಟಾ ಕಲೋಶ್, ಆಂಡ್ರೇ ಲಿಂಡೆ, ಮತ್ತೆ ನಮ್ಮ ಮುಂಬೈನ ಟಿಐಎಫ್ಆರ್ ಸಂಶೋಧನಾ ಸಂಸ್ಥೆಯ ಸಂದೀಪ್ ತ್ರಿವೇದಿ. ನಾಲ್ವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನ ಕೆಕೆಎಲ್‌ಟಿ ಅಂತಾರೆ, ಈ ಕ್ಷೇತ್ರದಲ್ಲಿ ಈಗಲೂ ಅತಿ ಹೆಚ್ಚು ಜಗಳ ಆಗೋದು ಇದರ ಮೇಲೇನೇ. ಮಡಿಕೆಗಳ ಒಟ್ಟು ಸಂಖ್ಯೆಗೆ ಸಾಮಾನ್ಯವಾಗಿ ಕೊಡೋ ಅಂದಾಜು 1ರ ಮುಂದೆ 500 ಸೊನ್ನೆ, 2015ರ ಒಂದು ಲೆಕ್ಕದಲ್ಲಿ ಒಂದೇ ಒಂದು ಆಕಾರದಿಂದ 1ರ ಮುಂದೆ 2,72,000 ಸೊನ್ನೆಯಷ್ಟು ಬಂತು.

ಎರಡನೇದು, ಇವು ನಿಜವಾಗಿ ಹುಟ್ಟೋದು. ಅದಕ್ಕೆ ಇನ್‌ಫ್ಲೇಶನ್ ಬರತ್ತೆ, ಅಂದ್ರೆ ವಿಶ್ವ ಹುಟ್ಟಿದ ಕೂಡಲೇ ಕಣ್ಣುಮುಚ್ಚಿ ತೆಗೆಯೋದಕ್ಕಿಂತ ಎಷ್ಟೋ ಬೇಗ ಊಹೆಗೆ ಸಿಗದಷ್ಟು ಹಿಗ್ಗಿದ್ದು. ಅಲನ್ ಗೂಥ್ ಇದನ್ನ 1981ರಲ್ಲಿ ಪ್ರಕಟಿಸಿದ್ರು, ಆಮೇಲೆ ವಿಲೆಂಕಿನ್ ಮತ್ತು ಲಿಂಡೆ ಈ ಹಿಗ್ಗೋದು ಒಂದು ಸಲ ಶುರುವಾದ್ರೆ ಎಲ್ಲಾ ಕಡೆ ಒಟ್ಟಿಗೆ ನಿಲ್ಲಲ್ಲ ಅಂತ ತೋರಿಸಿದ್ರು. ಎಸರು ಕುದಿಯೋವಾಗ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳೋ ಹಾಗೆ, ನಿಂತ ಕಡೆ ಒಂದೊಂದು ವಿಶ್ವ, ಉಳಿದ ಕಡೆ ಹಿಗ್ತಾನೇ ಇರತ್ತೆ, ಗುಳ್ಳೆಗಳಿಗೆ ಕೊನೆ ಇಲ್ಲ. ಒಂದೊಂದು ಗುಳ್ಳೆಯಲ್ಲಿ ಒಂದೊಂದು ಮಡಿಕೆ ಬಂದು ಕೂತ್ಕೊಂಡ್ರೆ, ಒಂದೊಂದು ಗುಳ್ಳೆಯಲ್ಲಿ ಒಂದೊಂದು ಥರದ ಭೌತಶಾಸ್ತ್ರ.

ಹೀಗೆ ಮೂರು ತುಂಡು ಸೇರ್ತು: ಸ್ಟ್ರಿಂಗ್ ಥಿಯರಿ ಸಾಧ್ಯತೆಗಳ ಪಟ್ಟಿ ಕೊಟ್ಟಿತು, ಇನ್‌ಫ್ಲೇಶನ್ ಆ ಪಟ್ಟಿಯನ್ನ ನಿಜ ಮಾಡ್ತು, ವೈನ್‌ಬರ್ಗ್ ತರ್ಕ ಅದರಲ್ಲಿ ನಾವು ಎಲ್ಲಿದ್ದೀವಿ ಅಂತ ಹೇಳ್ತು. ಕಾಸ್ಮಾಲಜಿ ಎಲ್ಲಾ ನಿಯಮಗಳನ್ನೂ ವಿವರಿಸತ್ತೆ ಅಂತ ಯಾರಾದ್ರೂ ಹೇಳಿದ್ರೆ ಹೆಚ್ಚಿನ ಸಲ ಅವರ ಮನಸ್ಸಲ್ಲಿರೋದು ಈ ಚಿತ್ರ.

## ಕವಡೆಯಲ್ಲಿ 5 ಬೀಳಲ್ಲ

ಚೌಕಾಬಾರ ಆಡಿದವರಿಗೆ ಗೊತ್ತು, ನಾಲ್ಕು ಕವಡೆ ಹಾಕಿದ್ರೆ 1, 2, 3, 4 ಬೀಳತ್ತೆ, ನಾಲ್ಕೂ ಬೋರಲು ಬಿದ್ರೆ 8. ಈ ಸಲ 3 ಯಾಕೆ ಬಿತ್ತು ಅಂತ ಕೇಳಿದ್ರೆ ಉತ್ತರ ಇಲ್ಲ, ಬಿತ್ತು ಅಷ್ಟೇ. ಆದ್ರೆ 5, 6, 7 ಯಾಕೆ ಯಾವತ್ತೂ ಬೀಳಲ್ಲ ಅಂತ ಕೇಳಿದ್ರೆ ಪಕ್ಕಾ ಉತ್ತರ ಇದೆ. ಕಾಗದದ ಮೇಲೆ 5 ಅಂತ ಬರೀಬಹುದು, ಕವಡೆ ಅದನ್ನ ಕೊಡಲ್ಲ.

ಹಾರ್ವರ್ಡ್‌ನ ಕುಮ್ರುನ್ ವಫಾ 2005ರಲ್ಲಿ ಶುರು ಮಾಡಿದ ವಾದ ಇದೇ ಥರದ್ದು. ಕಾಗದದ ಮೇಲೆ ಚೆನ್ನಾಗೇ ಕಾಣೋ ಎಷ್ಟೋ ನಿಯಮಗಳು ಕ್ವಾಂಟಂ ಗುರುತ್ವದ ಜೊತೆ ಸೇರಲ್ಲ, ಅವನ್ನ ಸ್ವಾಂಪ್‌ಲ್ಯಾಂಡ್ ಅಂದ್ರು, ಜವುಗು ನೆಲ. ಆಗಬಲ್ಲ ನಿಯಮಗಳು ಆ ಜವುಗಿನ ನಡುವಿನ ಗಟ್ಟಿ ನೆಲ ಮಾತ್ರ. 2018ರಲ್ಲಿ ವಫಾ ಮತ್ತು ಮೂವರು ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವತ್ತೂ ಬದಲಾಗದ ಧನಾತ್ಮಕ ಡಾರ್ಕ್ ಎನರ್ಜಿಯೇ ಜವುಗಿಗೆ ಸೇರಿದ್ದು ಅಂದ್ರು, ಅಂದ್ರೆ ಅದು ಬೀಳದ 5. ಅವರ ಊಹೆ ಸರಿಯಾದ್ರೆ ಕೆಕೆಎಲ್‌ಟಿ ಕಟ್ಟಿದ ದಾರಿ ನಿಲ್ಲಲ್ಲ, ಡಾರ್ಕ್ ಎನರ್ಜಿ ಅನ್ನೋದು ಇಳಿಜಾರಿನಲ್ಲಿ ಮೆಲ್ಲಗೆ ಉರುಳ್ತಿರೋ ಒಂದು ಫೀಲ್ಡ್ ಆಗಿರಬೇಕು, ಕಾಲ ಕಳೆದಂತೆ ಕಮ್ಮಿ ಆಗಬೇಕು.

ಈಗ ಡೆಸಿಯ ಸುದ್ದಿ ಯಾಕೆ ಅಷ್ಟು ಗದ್ದಲ ಮಾಡ್ತು ಅಂತ ಗೊತ್ತಾಗತ್ತೆ. ಡಾರ್ಕ್ ಎನರ್ಜಿ ಕಮ್ಮಿ ಆಗ್ತಿದೆ ಅಂದ ತಕ್ಷಣ ಒಂದು ಗುಂಪು ನಾವು ಹೇಳಿದ್ದು ಇದನ್ನೇ ಅಂತು. ಆದ್ರೆ ಅಷ್ಟು ಸಲೀಸಿಲ್ಲ. ಡೆಸಿ ಅಂಕಿಗಳಿಗೆ ಚೆನ್ನಾಗಿ ಕೂರೋ ಗೆರೆಯನ್ನ ಹಿಂದಕ್ಕೆ ಎಳೆದ್ರೆ ಒಂದು ಕಾಲದಲ್ಲಿ ಡಾರ್ಕ್ ಎನರ್ಜಿ ಕಮ್ಮಿ ಆಗೋದರ ಬದಲು ಹೆಚ್ಚಾಗ್ತಿತ್ತು ಅಂತ ಬರತ್ತೆ, ಇಳಿಜಾರಿನಲ್ಲಿ ಉರುಳೋ ಸಾದಾ ಫೀಲ್ಡ್ ಮೇಲಕ್ಕೆ ಹತ್ತಲ್ಲ. ಹಾಗಾಗಿ ಸ್ಟ್ರಿಂಗ್ ಥಿಯರಿಗೆ ಪುರಾವೆ ಅನ್ನೋ ಸುದ್ದಿ ಸರಿಯಲ್ಲ. ಮಲ್ಟಿವರ್ಸ್ ಸತ್ತಿತು ಅನ್ನೋದೂ ಸರಿಯಲ್ಲ, ಯಾಕಂದ್ರೆ ಉರುಳೋ ಫೀಲ್ಡ್ ಇರೋ ಗುಳ್ಳೆಗಳೂ ಇರಬಹುದು ಅಂತ ಮಲ್ಟಿವರ್ಸ್ ಪರ ಇರೋರು ವಾದ ಮಾಡಬಹುದು.

ಉರುಳೋ ಫೀಲ್ಡಿಗೆ ಇನ್ನೊಂದು ತೊಡಕಿದೆ. ಅಂಥ ಫೀಲ್ಡ್ ಸಾಮಾನ್ಯವಾಗಿ ಬೇರೆ ಬಲಗಳ ಜೊತೆ ಸ್ವಲ್ಪವಾದ್ರೂ ತಳುಕು ಹಾಕ್ಕೊಂಡಿರತ್ತೆ, ಅದು ಚಲಿಸಿದ್ರೆ ಬೇರೆ ಸ್ಥಿರಾಂಕಗಳೂ ಚಲಿಸಬೇಕು. ಚಲಿಸಿವೆಯಾ ಅಂತ ಹೇಳೋ ಒಂದು ಜಾಗ ಆಫ್ರಿಕಾದ ಗಬಾನ್ ದೇಶದ ಓಕ್ಲೋ ಅನ್ನೋ ಯುರೇನಿಯಂ ಗಣಿ. 1972ರಲ್ಲಿ ಫ್ರಾನ್ಸಿನ ಒಂದು ಕಾರ್ಖಾನೆಯಲ್ಲಿ ಅಲ್ಲಿಂದ ಬಂದ ಯುರೇನಿಯಂ ಪರೀಕ್ಷೆ ಮಾಡಿದಾಗ 235 ಐಸೊಟೋಪ್ ಶೇಕಡಾ 0.720 ಇರೋ ಬದಲು 0.717 ಇತ್ತು. ಆ ಅತಿ ಸಣ್ಣ ಕೊರತೆಯನ್ನ ಬೆನ್ನು ಹತ್ತಿದಾಗ ಸುಮಾರು 200 ಕೋಟಿ ವರ್ಷದ ಹಿಂದೆ ಆ ಬಂಡೆಯೊಳಗೆ ನೀರು ನುಗ್ಗಿ ತಾನಾಗೇ ಪರಮಾಣು ರಿಯಾಕ್ಟರ್ ನಡೆದಿತ್ತು ಅಂತ ಗೊತ್ತಾಯ್ತು. ಅಲ್ಲಿನ ಸಮಾರಿಯಂ ಅನ್ನೋ ಧಾತು ಆವಾಗ ಎಷ್ಟು ನ್ಯೂಟ್ರಾನ್ ಹೀರಿದೆ ಅಂತ ಈಗಲೂ ಅಳೀಬಹುದು. ಆ ಹೀರುವಿಕೆ ವಿದ್ಯುತ್ ಬಲದ ಸ್ಥಿರಾಂಕಕ್ಕೆ ಬಹಳ ಸೂಕ್ಷ್ಮವಾಗಿ ಜೋತುಬಿದ್ದಿದೆ. ಲೆಕ್ಕ ಏನು ಹೇಳತ್ತೆ ಅಂದ್ರೆ 200 ಕೋಟಿ ವರ್ಷದಲ್ಲಿ ಅದು ಕೋಟಿಯಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಲುಗಾಡಿಲ್ಲ. ಡಾರ್ಕ್ ಎನರ್ಜಿ ಉರುಳ್ತಿದ್ರೂ ಅದು ಉಳಿದವನ್ನ ಮುಟ್ಟದೇ ಯಾಕೆ ಉರುಳ್ತಿದೆ ಅನ್ನೋದಕ್ಕೆ ಹೊಸ ಕಾರಣ ಕೊಡಬೇಕಾಗತ್ತೆ.

## ಒಪ್ಪದವರ ಮಾತು

2014ರ ಡಿಸೆಂಬರ್‌ನಲ್ಲಿ ಕಾಸ್ಮಾಲಜಿಯವರೇ ಆದ ಜಾರ್ಜ್ ಎಲಿಸ್ ಮತ್ತು ಜೋ ಸಿಲ್ಕ್ ನೇಚರ್ ಪತ್ರಿಕೆಯಲ್ಲಿ ಕಟುವಾಗಿ ಬರೆದ್ರು. ಅಳೆಯೋಕೆ ಆಗದ ವಿಶ್ವಗಳನ್ನ ಸಿದ್ಧಾಂತ ಚೆನ್ನಾಗಿದೆ ಅನ್ನೋ ಕಾರಣಕ್ಕೆ ಒಪ್ಪಿಕೊಂಡ್ರೆ ವಿಜ್ಞಾನದ ಬುಡವೇ ಸಡಿಲ ಆಗತ್ತೆ ಅನ್ನೋದು ಅವರ ವಾದ. ನೊಬೆಲ್ ಪಡೆದ ಡೇವಿಡ್ ಗ್ರಾಸ್ ಕೂಡ ವಿಳಾಸದ ತರ್ಕವನ್ನ ಒಪ್ಪಲ್ಲ, ಬೇಗ ಸೋಲೊಪ್ಪಿಕೊಂಡ ಹಾಗೆ ಅದು ಅನ್ನೋದು ಅವರ ನಿಲುವು. ಇನ್‌ಫ್ಲೇಶನ್ ಕಟ್ಟಿದವರಲ್ಲಿ ಒಬ್ಬರಾದ ಪಾಲ್ ಸ್ಟೈನ್‌ಹಾರ್ಟ್ ಈಗ ಅದರ ದೊಡ್ಡ ವಿರೋಧಿ, ಏನು ಬೇಕಾದ್ರೂ ಆಗಬಹುದು ಅನ್ನೋ ಸಿದ್ಧಾಂತ ಏನನ್ನೂ ಹೇಳಿದ ಹಾಗಲ್ಲ ಅಂತಾರೆ.

ಸ್ಟೈನ್‌ಹಾರ್ಟ್ ಎತ್ತೋ ಪ್ರಶ್ನೆ ನನಗೆ ಎಲ್ಲಕ್ಕಿಂತ ಗಟ್ಟಿ ಅನಿಸತ್ತೆ, ಅದರ ಹಿಂದೆ ಗಣಿತ ಇದೆ. ನಾವಿರೋ ಥರದ ವಿಶ್ವ ಸಾಮಾನ್ಯವಾ ಅಪರೂಪವಾ ಅಂತ ಹೇಳೋಕೆ ಗುಳ್ಳೆಗಳನ್ನ ಎಣಿಸಬೇಕು, ಆದ್ರೆ ಗುಳ್ಳೆಗಳು ಅನಂತ. ಅನಂತದಲ್ಲಿ ಎಷ್ಟು ಪಾಲು ಅನ್ನೋದು ಎಣಿಸೋ ಕ್ರಮದ ಮೇಲೆ ನಿಂತಿದೆ. ಸಂಖ್ಯೆಗಳನ್ನ 1, 2, 3, 4 ಅಂತ ಎಣಿಸ್ತಾ ಹೋದ್ರೆ ಅರ್ಧ ಬೆಸ ಅರ್ಧ ಸಮ. ಅದೇ ಸಂಖ್ಯೆಗಳನ್ನ 1, 3, 2, 5, 7, 4, 9, 11, 6 ಅಂತ ಜೋಡಿಸಿದ್ರೆ ಒಂದೂ ಬಿಟ್ಟುಹೋಗಲ್ಲ ಒಂದೂ ಎರಡು ಸಲ ಬರಲ್ಲ, ಆದ್ರೂ ಮೂರರಲ್ಲಿ ಎರಡು ಬೆಸ. ಯಾವ ಕ್ರಮ ಸರಿ ಅಂತ ಹೇಳೋಕೆ ಒಪ್ಪಿತವಾದ ನಿಯಮ ಇನ್ನೂ ಸಿಕ್ಕಿಲ್ಲ, ಅದು ಸಿಗೋವರೆಗೆ ಅನಂತ ಗುಳ್ಳೆಗಳ ಮೇಲೆ ಸಾಧ್ಯತೆಯ ಲೆಕ್ಕ ಹಾಕಿದ್ರೆ ಉತ್ತರ ಹೇಗೆ ಬೇಕೋ ಹಾಗೆ ಬರತ್ತೆ.

ಇಂಥ ಸಿದ್ಧಾಂತ ಯಾವುದನ್ನೂ ಪರೀಕ್ಷೆ ಮಾಡೋಕೆ ಆಗಲ್ಲ ಅಂತಲ್ಲ. ಲೀ ಸ್ಮೋಲಿನ್ 1992ರಲ್ಲಿ ಬೇರೆ ದಾರಿ ಹಿಡಿದ್ರು, ಒಂದೊಂದು ಬ್ಲ್ಯಾಕ್ ಹೋಲ್ ಒಳಗೂ ಹೊಸ ವಿಶ್ವ ಹುಟ್ಟತ್ತೆ, ಮಗು ವಿಶ್ವದ ಸ್ಥಿರಾಂಕಗಳು ತಾಯಿಯದಕ್ಕಿಂತ ಚೂರು ಬೇರೆ ಇರ್ತವೆ, ಹಾಗಾಗಿ ತಲೆಮಾರು ಕಳೆದ ಹಾಗೆ ಜಾಸ್ತಿ ಬ್ಲ್ಯಾಕ್ ಹೋಲ್ ಮಾಡೋ ವಿಶ್ವಗಳೇ ತುಂಬ್ಕೋತವೆ ಅಂದ್ರು. ಇದರಿಂದ ಅಳೆಯಬಹುದಾದ ಒಂದು ಮಾತು ಹೊರಟಿತು: ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ಒತ್ತೊತ್ತಾದ ತಿರುಳು) ಸುಲಭವಾಗಿ ಬ್ಲ್ಯಾಕ್ ಹೋಲ್ ಆಗಬೇಕು, ಅಂದ್ರೆ ಅವುಗಳ ತೂಕ ಒಂದು ಮಿತಿ ದಾಟಬಾರದು, ಆ ಮಿತಿ ಕಮ್ಮಿಯೇ ಇರಬೇಕು, ಮೊದಲು ಸೂರ್ಯನ 1.6 ಪಟ್ಟು ಅಂದ್ರು, ಆಮೇಲೆ 2 ಪಟ್ಟು. 2010ರಲ್ಲಿ 1.97 ಪಟ್ಟಿನ ಪಲ್ಸಾರ್ (ಗಿರಗಿರ ತಿರುಗೋ ನ್ಯೂಟ್ರಾನ್ ನಕ್ಷತ್ರ) ಅಳತೆ ಬಂತು, 2013ರಲ್ಲಿ 2.01, ಆಮೇಲೆ 2.08ರ ಹತ್ತಿರದ್ದೂ ಸಿಕ್ತು. ಸ್ಮೋಲಿನ್ ಚಿತ್ರಕ್ಕೆ ಈಗ ಉಸಿರಾಡೋಕೆ ಜಾಗ ಬಹಳ ಕಮ್ಮಿ. ಯಾರೂ ನೋಡಲಾಗದ ವಿಶ್ವಗಳ ಬಗ್ಗೆ ಹೇಳಿದ ಮಾತನ್ನ ನಮ್ಮ ಆಕಾಶದ ಒಂದು ಸತ್ತ ನಕ್ಷತ್ರ ಇಕ್ಕಟ್ಟಿಗೆ ಸಿಕ್ಕಿಸ್ತು, ವಿಜ್ಞಾನ ನಡೆಯಬೇಕಾದ್ದು ಹೀಗೇ.

## 'ಎಲ್ಲಾ' ಅನ್ನೋ ಪದದ ತೊಂದರೆ

ಈಗ ಮೂಲ ಪ್ರಶ್ನೆಗೆ ಬರೋಣ. ಕಾಸ್ಮಾಲಜಿ ಸಾಧ್ಯ ಇರೋ ಎಲ್ಲಾ ನಿಯಮಗಳಿಗೂ ಲೆಕ್ಕ ಕೊಡತ್ತಾ?

ಮೇಲೆ ಹೇಳಿದ ಚಿತ್ರವನ್ನ ಇನ್ನೊಂದು ಸಲ ನೋಡಿ. ಗುಳ್ಳೆಯಿಂದ ಗುಳ್ಳೆಗೆ ಕಣಗಳು ಬದಲಾಗ್ತವೆ, ತೂಕ ಬದಲಾಗತ್ತೆ, ಡಾರ್ಕ್ ಎನರ್ಜಿ ಬದಲಾಗತ್ತೆ, ಎಷ್ಟು ದಿಕ್ಕು ದೊಡ್ಡದಾಗಿ ಉಳೀತವೆ ಅನ್ನೋದೂ ಬದಲಾಗಬಹುದು. ಬದಲಾಗದೇ ಇರೋದು ಏನು? ಕ್ವಾಂಟಂ ಮೆಕ್ಯಾನಿಕ್ಸ್ ಎಲ್ಲಾ ಗುಳ್ಳೆಯಲ್ಲೂ ಅದೇ, ಗುರುತ್ವ ಅದೇ, ಸ್ಟ್ರಿಂಗ್ ಥಿಯರಿಯ ಸಮೀಕರಣ ಅದೇ, ಗುಳ್ಳೆ ಹುಟ್ಟೋ ವಿಧಾನ ಅದೇ. ಅಂದ್ರೆ 1ರ ಮುಂದೆ 500 ಸೊನ್ನೆ ಅನ್ನೋದು ಒಂದೇ ನಿಯಮದ ಅಷ್ಟೊಂದು ಬೇರೆಬೇರೆ ಫಲ. ಕವಡೆ ಎಷ್ಟು ಸಲ ಹಾಕಿದ್ರೂ ನಾಲ್ಕೇ ಕವಡೆ ಯಾಕೆ ಅನ್ನೋದಕ್ಕೆ ಕವಡೆ ಉತ್ತರ ಕೊಡಲ್ಲ. ಕ್ವಾಂಟಂ ಮೆಕ್ಯಾನಿಕ್ಸೇ ಇಲ್ಲದ ವಿಶ್ವ, ಕಾಲವೇ ಇಲ್ಲದ ವಿಶ್ವ, ಇಂಥವು ಆ ಪಟ್ಟಿಯಲ್ಲಿ ಇಲ್ವೇ ಇಲ್ಲ.

ಈ ತೊಡಕನ್ನ ದಾಟೋಕೆ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 1990ರ ದಶಕದ ಕೊನೆಗೆ ಒಂದು ಧೈರ್ಯದ ಮಾತು ಹೇಳಿದ್ರು, ತನ್ನೊಳಗೆ ವಿರೋಧ ಇಲ್ಲದ ಪ್ರತಿಯೊಂದು ಗಣಿತದ ರಚನೆಯೂ ಒಂದು ನಿಜವಾದ ವಿಶ್ವ ಅಂತ. ಆಗ ಪಟ್ಟಿ ಪೂರ್ತಿ ಆಗತ್ತೆ ನಿಜ, ಏನೂ ಬಿಟ್ಟುಹೋಗಲ್ಲ. ಆದ್ರೆ ಅದಕ್ಕೆ ಕೊಡೋ ಬೆಲೆ ದೊಡ್ಡದು. ಸ್ಟ್ರಿಂಗ್ ಚಿತ್ರದಲ್ಲಿ ಗುಳ್ಳೆ ಹುಟ್ಟೋ ಕಾರಣ ಇತ್ತು, ಇಲ್ಲಿ ಹುಟ್ಟೋದು ಅನ್ನೋದೇ ಇಲ್ಲ, ಎಲ್ಲವೂ ಸುಮ್ನೆ ಇದೆ. ಎಣಿಸೋ ಕ್ರಮದ ತೊಂದರೆ ಇಲ್ಲಿ ಇನ್ನೂ ಜೋರು, ಗಣಿತದ ರಚನೆಗಳಲ್ಲಿ ಯಾವುದು ಸಾಮಾನ್ಯ ಅಂತ ಹೇಳೋಕೆ ಯಾವ ಆಧಾರವೂ ಇಲ್ಲ. ಮತ್ತೆ ಅಲ್ಲಿಗೆ ಅದು ಕಾಸ್ಮಾಲಜಿ ಆಗಿ ಉಳಿಯಲ್ಲ, ತತ್ವಶಾಸ್ತ್ರ ಆಗತ್ತೆ. ತತ್ವಶಾಸ್ತ್ರ ಆದ್ರೆ ತಪ್ಪೇನಿಲ್ಲ, ಆದ್ರೆ ಟೆಲಿಸ್ಕೋಪಿನಿಂದ ಅದಕ್ಕೆ ಸಾಕ್ಷಿ ಕೇಳಬಾರದು.

ಹಾಗಾಗಿ ಕಾಸ್ಮಾಲಜಿಗೆ ಆಗೋ ಕೆಲಸ ಇದು: ಒಂದು ಮೂಲ ನಿಯಮವನ್ನ ಕೊಟ್ರೆ, ಅದರ ಕೆಳಗೆ ಬರೋ ಯಾವ ನಂಬರ್ ನಿಯಮ ಯಾವ ನಂಬರ್ ವಿಳಾಸ ಅಂತ ಬೇರೆ ಮಾಡೋದು. ಮೂಲ ನಿಯಮವನ್ನೇ ಹುಟ್ಟಿಸೋದು ಅದರ ಕೈಲಾಗಲ್ಲ, ಯಾಕಂದ್ರೆ ಹುಟ್ಟಿಸೋಕೆ ಕೂತಾಗಲೂ ಯಾವುದೋ ಒಂದು ನಿಯಮದ ಮೇಲೇ ಕೂತಿರತ್ತೆ. ಇದನ್ನ ಸೋಲು ಅಂತ ನಾನು ನೋಡಲ್ಲ. ಕೆಪ್ಲರ್ ಗ್ರಹಗಳ ದೂರದ ಕಾರಣ ಹುಡುಕಿ ತಪ್ಪಿದ್ರು, ಆದ್ರೆ ಅದೇ ಕೆಪ್ಲರ್ ಗ್ರಹಗಳು ಸುತ್ತೋ ರೀತಿಯಲ್ಲಿ ನಿಯಮ ಹುಡುಕಿ ಗೆದ್ರು. ಯಾವುದರಲ್ಲಿ ಕಾರಣ ಹುಡುಕಬೇಕು ಅಂತ ಗೊತ್ತಾಗೋದೇ ಅರ್ಧ ಕೆಲಸ.

## ಮುಂದೆ ಏನಾಗಬಹುದು

ಡೆಸಿ ಸೂಚನೆ ಮುಂದಿನ ವರ್ಷಗಳಲ್ಲಿ ಕರಗಿಹೋದ್ರೆ, ಅಂದ್ರೆ ಸೂಪರ್‌ನೋವಾ ಅಳತೆಯಲ್ಲಿನ ಸಣ್ಣ ತಪ್ಪೇ ಅದಕ್ಕೆ ಕಾರಣ ಅಂತಾದ್ರೆ, ಡಾರ್ಕ್ ಎನರ್ಜಿ ಮತ್ತೆ ಸ್ಥಿರಾಂಕ ಆಗತ್ತೆ, ವೈನ್‌ಬರ್ಗ್ ಲೆಕ್ಕ ಇದ್ದ ಹಾಗೇ ನಿಲ್ಲತ್ತೆ, ವಫಾ ಅವರ 2018ರ ಊಹೆಗೆ ಕಷ್ಟ ಆಗತ್ತೆ. ಸೂಚನೆ 5 ಸಿಗ್ಮಾ ದಾಟಿದ್ರೆ ವಿಳಾಸದ ಪಟ್ಟಿಯಲ್ಲಿದ್ದ ಒಂದು ನಂಬರ್ ಮತ್ತೆ ನಿಯಮದ ಪಟ್ಟಿಗೆ ಬರಬಹುದು, ಅದು ಯಾಕೆ ಬದಲಾಗ್ತಿದೆ ಅನ್ನೋದಕ್ಕೆ ಕಾರಣ ಹುಡುಕೋ ಕೆಲಸ ಮೊದಲಿನಿಂದ ಶುರುವಾಗತ್ತೆ. ವಿಶ್ವ ಕುಸಿಯತ್ತೆ ಅನ್ನೋ ತಲೆಬರಹಗಳಿಗೆ ಮಾತ್ರ ಎರಡೂ ಕಡೆಯಿಂದ ಈಗ ಆಧಾರ ಇಲ್ಲ, ಇಷ್ಟು ಚಿಕ್ಕ ಗೆರೆಯನ್ನ ಅಷ್ಟು ದೂರದ ಭವಿಷ್ಯಕ್ಕೆ ಎಳೆಯೋಕಾಗಲ್ಲ.

2023ರ ಜುಲೈನಲ್ಲಿ ಹಾರಿದ ಯೂಕ್ಲಿಡ್ ಬಾಹ್ಯಾಕಾಶ ಟೆಲಿಸ್ಕೋಪ್ ಮತ್ತು 2025ರ ಜೂನ್‌ನಲ್ಲಿ ಮೊದಲ ಚಿತ್ರ ತೋರಿಸಿದ ಚಿಲಿಯ ರೂಬಿನ್ ವೀಕ್ಷಣಾಲಯ ಇದೇ ಹಿಗ್ಗುವಿಕೆಯನ್ನ ಬೇರೆ ದಾರಿಯಿಂದ ಅಳೀತಿವೆ. ಮುಂದಿನ ಸುದ್ದಿ ಬಂದಾಗ ಎಷ್ಟು ಸಿಗ್ಮಾ ಅನ್ನೋದಕ್ಕಿಂತ ಮೊದಲು ಯಾವ ಯಾವ ಅಳತೆ ಸೇರಿಸಿ ಆ ಸಿಗ್ಮಾ ಬಂತು ಅಂತ ನೋಡಿ. ಸೂಪರ್‌ನೋವಾ ಪಟ್ಟಿ ಬದಲಾಯಿಸಿದ ಕೂಡಲೇ ಅದು ಇಳಿದ್ರೆ ಇನ್ನೂ ಕಾಯಬೇಕು ಅಂತಲೇ ಅರ್ಥ.

ಮಲ್ಟಿವರ್ಸಿಗೂ ಒಂದು ನೇರ ಪರೀಕ್ಷೆ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ನಾವು ಒಂದು ದೊಡ್ಡ ಹಿಗ್ಗುವಿಕೆಯೊಳಗೆ ಹುಟ್ಟಿದ ಗುಳ್ಳೆ ಆಗಿದ್ರೆ ಒಳಗಿನ ಜಾಗ ಚೂರೇಚೂರು ಕುದುರೆ ಜೀನಿನ ಥರ ಬಾಗಿರಬೇಕು, ಚೆಂಡಿನ ಮೈ ಥರ ಅಲ್ಲ. ಚೆಂಡಿನ ಥರ ಹತ್ತು ಸಾವಿರಕ್ಕೆ ಒಂದರಷ್ಟು ಬಾಗಿದ್ದು ಸಿಕ್ಕಿದ್ರೂ ಸಾಕು, ಗುಳ್ಳೆಗಳ ಕಥೆ ಬಿದ್ದುಹೋಗತ್ತೆ ಅಂತ 2012ರಲ್ಲೇ ಗೂಥ್ ಮತ್ತು ನೊಮುರಾ ಬರೆದಿದ್ದಾರೆ, ಗೂಥ್ ಅಂದ್ರೆ ಇನ್‌ಫ್ಲೇಶನ್ ಕೊಟ್ಟ ಅದೇ ಗೂಥ್. ಈವರೆಗಿನ ಅಳತೆಯಲ್ಲಿ ಜಾಗ ಚಪ್ಪಟೆಯಾಗೇ ಇದೆ, ತಪ್ಪಿನ ಅಂದಾಜು ಸಾವಿರಕ್ಕೆ ಎರಡರಷ್ಟು. ಇನ್ನೂ ಇಪ್ಪತ್ತು ಪಟ್ಟು ಸೂಕ್ಷ್ಮವಾಗಿ ಅಳೀಬೇಕು.